ಮಿಣುಕು ಎಣಿಸಿದ ರಾತ್ರಿ

ಶಿವಮೊಗ್ಗದ ಹೊಸಮನೆ ಬಡಾವಣೆಯ
ನಮ್ಮ ಹಳೇ ಮನೆಗೆ
ಫೆಬ್ರವರಿಯ ಬಿಲ್ಲು ಬಂತು: ಇನ್ನೂರ ಮೂವತ್ತೆಂಟು.
ಇನ್ನೂರರ ಒಳಗಿದ್ದರೆ ಸೊನ್ನೆ.
ದಾಟಿದರೆ, ದಾಟಿದ ಮೂವತ್ತೆಂಟಕ್ಕಷ್ಟೇ ಅಲ್ಲ,
ಮೊದಲನೆಯದರಿಂದಲೇ ಲೆಕ್ಕ.
ಮೀಟರ್ ಓದುವ ಹುಡುಗ ಚೀಟಿ ಹರಿದುಕೊಟ್ಟು ಬೈಕು ಹತ್ತಿದ.
ನಾನು ಫಾಲ್ ಹೊಲಿಯುತ್ತಿದ್ದ ಸೀರೆ ಕೈಯಲ್ಲೇ ಹಿಡಿದು
ಇನ್ನೆಷ್ಟು ಸೀರೆ ಹೊಲಿಯಬೇಕೆಂದು
ಬಾಗಿಲಲ್ಲೇ ಗುಣಿಸಿದೆ.

‘ನಿನ್ನ ಇಸ್ತ್ರಿಪೆಟ್ಟಿಗೆಯೇ’ ಎಂದರು ಇವರು.
‘ನಿಮ್ಮ ಕ್ರಿಕೆಟ್ಟು’ ಎಂದೆ.
ಮೂಲೆಯಲ್ಲಿ ಫ್ರಿಜ್ಜು ಗೊರ್ರೆಂದಿತು,
ಯಾರ ಪರವೋ ತಿಳಿಯಲಿಲ್ಲ.

ಮಗಳು ಹಂಸವೇಣಿಗೆ ಒಂಬತ್ತನೇ ಕ್ಲಾಸಿನ ವಿಜ್ಞಾನ.
ಭಾನುವಾರ ಊಟವಾದ ಮೇಲೆ
ಸ್ಟೂಲು ಹಾಕಿ ಮೀಟರಿನೆದುರು ಕೂತಳು,
ಕೈಯಲ್ಲಿ ಅಪ್ಪನ ವಾಚು.
‘ಈ ಕೆಂಪು ಚುಕ್ಕಿ ಮೂರು ಸಾವಿರದ ಇನ್ನೂರು ಸಲ ಮಿಣುಕಿದರೆ
ಒಂದು ಯೂನಿಟ್ಟಮ್ಮ, ಇಲ್ಲೇ ಬರೆದಿದೆ.’
ಹನ್ನೆರಡು ವರ್ಷ ಅದರ ಕೆಳಗೇ ಚಪ್ಪಲಿ ಬಿಟ್ಟವಳು
ಒಮ್ಮೆಯೂ ತಲೆಯೆತ್ತಿ ಓದಿರಲಿಲ್ಲ.

ಮೊದಲು ಸೆಟ್ ಟಾಪ್ ಬಾಕ್ಸು.
ಟೀವಿ ಮಲಗಿದರೂ ಅದು ಎದ್ದೇ ಇತ್ತು,
ಮುಟ್ಟಿದರೆ ಜ್ವರ ಬಂದ ಮಗುವಿನ ಹಣೆ.
ಆಮೇಲೆ ಫೋನಿಲ್ಲದೆ ನೇತಾಡುವ ಚಾರ್ಜರು.
ಆಮೇಲೆ ಫ್ರಿಜ್ಜು: ಬಾಗಿಲಿಗೆ ಹತ್ತರ ನೋಟು ಸಿಕ್ಕಿಸಿ ಎಳೆದರೆ
ಬಿಗಿಯಾಗಿ ಹಿಡಿಯಬೇಕು ಎಂದಳು.
ನಮ್ಮದು ನೋಟನ್ನು ಹಾಗೇ ಬಿಟ್ಟುಕೊಟ್ಟಿತು,
ರಬ್ಬರು ಅಜ್ಜಿಯ ವಸಡಿನಂತೆ ಸವೆದು.
ಒಂದೊಂದೇ ಆರಿದಂತೆ
ಮಿಣುಕು ಮಿಣುಕಿನ ನಡುವಿನ ಕತ್ತಲು ಉದ್ದವಾಯಿತು.

ಕೊನೆಗೆ ಎಲ್ಲವನ್ನೂ ಆರಿಸಿ
ಮೂವರೂ ಉಸಿರು ಬಿಗಿಹಿಡಿದು ನಿಂತೆವು.
ಮಿಣುಕಿತು.
‘ಇಪ್ಪತ್ತು ಸೆಕೆಂಡಿಗೊಂದು’ ಅಂದಳು ಮಗಳು, ಪಿಸುದನಿಯಲ್ಲಿ.
ಇವರು ಪಕ್ಕದ ಮನೆಯ ಕಡೆ ನೋಡಿದರು,
ನೋಡಿದ್ದು ನನಗೆ ಕತ್ತಲಲ್ಲೂ ಕಂಡಿತು.

ಟಾರ್ಚು ಹಿಡಿದು ಅಟ್ಟ, ಬಚ್ಚಲು, ನೀರಿನ ಮೋಟಾರು.
ಹಿತ್ತಿಲ ಗೋಡೆಯಲ್ಲಿ, ನಾಲ್ಕು ಸಲ ಸುಣ್ಣದಡಿ ಮುಚ್ಚಿಹೋದ
ವಯರೊಂದು ತೂತು ತೂರಿ ಆಚೆ ಹೋಗಿತ್ತು.
ಆಚೆ ಓಣಿ. ತಗಡಿನ ಟೊಪ್ಪಿಯ ಕೆಳಗೆ
ಅರವತ್ತು ವ್ಯಾಟಿನ ಬಲ್ಬು,
ಸ್ವಿಚ್ಚಿಲ್ಲದ್ದು, ಹಗಲು ರಾತ್ರಿ ಎನ್ನದೆ ಉರಿಯುವಂಥದ್ದು.
ಅತ್ತೆ ಹಾಕಿಸಿದ್ದಂತೆ.
ಅತ್ತೆ ಹೋಗಿ ಏಳು ವರ್ಷ.
ತಿಂಗಳಿಗೆ ನಲವತ್ಮೂರು ಯೂನಿಟ್ಟು!
ಇವರು ಇಕ್ಕಳ ತಂದು ಕತ್ತರಿಸಿದರು.
ಕಳ್ಳ ಸಿಕ್ಕವರಂತೆ ನೆಮ್ಮದಿಯಾಗಿ ಮಲಗಿದೆವು.

ಬೆಳಗಿನ ಜಾವ ಐದಕ್ಕೆ ಹಿತ್ತಿಲ ಬಾಗಿಲು ಬಡಿದ ಸದ್ದು.
ಪೊರಕೆ ಹಿಡಿದ ದುರುಗಮ್ಮ,
ಮೊಣಕಾಲಿಗೆ ಚರಂಡಿಯ ಕೆಸರು.
‘ಅಕ್ಕಾ, ಬಲ್ಬು ಹೊಸದೇ ಐತಿ, ಮೊನ್ನೆ ಹಾಕೀವಿ,
ಕರೆಂಟೇ ಬರವಲ್ದು ನೋಡ್ರಿ.’
ಸುಟ್ಟಾಗೆಲ್ಲ ಅವರೇ ತರುತ್ತಿದ್ದರಂತೆ:
ಓಣಿ ಗುಡಿಸುವವರು, ಪೇಪರಿನ ಹುಡುಗರು,
ರಾತ್ರಿಪಾಳಿ ಮುಗಿಸಿ ಮೆಗ್ಗಾನ್ ಆಸ್ಪತ್ರೆಯಿಂದ ಬರುವ ಆಯಾ,
ತಲೆಗೆರಡು ರೂಪಾಯಿ.
‘ಕರೆಂಟು ನಂದು, ಬಲ್ಬು ನಿಮ್ದು ಅಂದಿದ್ರು ದೊಡ್ಡಮ್ಮೋರು.’
ಚರಂಡಿಯ ಕಲ್ಲು ಒಂದು ಕಡೆ ಇಲ್ಲ.
ಅದೂ ನನಗೆ ಗೊತ್ತಿರಲಿಲ್ಲ.

ಈಗ ಅಲ್ಲಿ ಏಳು ವ್ಯಾಟಿನದು.
ಸ್ವಿಚ್ಚು ಓಣಿಯ ಕಡೆಗೇ ಇಡಿಸಿದೆವು,
ಬೆಳಕು ಹರಿದ ಮೇಲೆ ದುರುಗಮ್ಮನೇ ಆರಿಸಿ ಹೋಗುತ್ತಾಳೆ.
ಫ್ರಿಜ್ಜಿಗೆ ಹೊಸ ವಸಡು ಬಂತು.
ಇಸ್ತ್ರಿ ದಿನಕ್ಕೊಂದೇ ಸಲ; ಕೊನೆಯ ನಾಲ್ಕು ರವಿಕೆಗೆ
ಪ್ಲಗ್ಗು ಕಿತ್ತ ಮೇಲಿನ ಬಿಸಿಯೇ ಸಾಕು.
ಸ್ನಾನದ ನೀರು ಟೆರೇಸಿನ ಮೇಲೆ, ಕರಿ ಕೊಡಗಳಲ್ಲಿ.
ಮಾರ್ಚಿನ ನಮ್ಮೂರ ಬಿಸಿಲಿಗೆ
ಬೇಕಾದರೆ ಅಕ್ಕಿಯೂ ಬೆಂದೀತು.
ಈ ತಿಂಗಳು ನೂರ ಎಪ್ಪತ್ತೊಂಬತ್ತು.

ಇವರಿಗೆ ಈಗ ಹುಚ್ಚು ಹಿಡಿದಿದೆ.
ಕೆಲವು ರಾತ್ರಿ ಎಲ್ಲವನ್ನೂ ಆರಿಸಿ
ವಾಚು ಹಿಡಿದು ಸ್ಟೂಲಿನ ಮೇಲೆ ಕೂರುತ್ತಾರೆ.
ಎರಡು ನಿಮಿಷ ನಲವತ್ತು ಸೆಕೆಂಡು ಕಳೆದು
ಒಂದು ಮಿಣುಕು.
‘ಹ್ಞಾ, ಇದೆ’ ಎಂದು
ಎದ್ದು ಬಂದು ಮಲಗುತ್ತಾರೆ.